ಬೇಟೆಯ ಹವ್ಯಾಸವೂ ಅದರ ಕಟ್ಟಳೆಗಳೂ

ಬೇಟೆಯ ವಿಷಯವು ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಬರುವುದು ಬಹುಮಟ್ಟಿಗೆ ಎರಡು ಸಂದರ್ಭಗಳಲ್ಲಿ. ಅರಸನ ವಿನೋದಗಳನ್ನು ಹೇಳುವಾಗ ಅದಕ್ಕೆ ಒಂದೆರಡು ವಾಕ್ಯಗಳು ಸಲ್ಲುತ್ತವೆ. ಕಾಡಿನ ಜನರ ಜೀವನೋಪಾಯವನ್ನು ಹೇಳುವಾಗ ಮತ್ತೆ ಒಂದೆರಡು. ಇವೆರಡರ ನಡುವೆ ಮೂರನೆಯ ವರ್ಗವೊಂದುಂಟು. ಅರಸರಲ್ಲದ, ಹೊಟ್ಟೆಪಾಡಿಗಾಗಿ ಬೇಟೆಯನ್ನು ನೆಚ್ಚದ, ಆದರೂ ಬಿಡುವಿನ ದಿನಗಳನ್ನೆಲ್ಲ ಕೋವಿಗೋ ಗಾಳಕ್ಕೋ ಮೀಸಲಿಟ್ಟ ಜನ ಇವರು. ಗ್ರಾಮದ ಗೌಡ, ತೋಟದ ಯಜಮಾನ, ಅಮಲ್ದಾರ, ವೈದ್ಯ, ಉಪಾಧ್ಯಾಯ, ಹೀಗೆ ಎಲ್ಲ ಬಗೆಯವರೂ ಈ ವರ್ಗದಲ್ಲಿದ್ದರು. ಇವರು ಕೊಂದದ್ದೆಷ್ಟು ಎಂಬುದನ್ನು ಲೆಕ್ಕ ಹಾಕುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಕೊಲ್ಲುವ ಹವ್ಯಾಸವನ್ನಿಟ್ಟುಕೊಂಡೂ ತಾವು ಧರ್ಮವನ್ನು ಮೀರಿಲ್ಲವೆಂದು ಇವರು ನಂಬಿದ್ದರು. ಆ ನಂಬಿಕೆಗೆ ಆಧಾರವಾದ ಕಟ್ಟಳೆಗಳು ಯಾವುವು, ಅವು ಎಲ್ಲಿಂದ ಬಂದವು, ಯಾರನ್ನು ಕಟ್ಟಿದವು, ಯಾರನ್ನು ಕಟ್ಟದೆ ಬಿಟ್ಟವು ಎಂಬುದನ್ನು ಕನ್ನಡ ನಾಡಿನ ಮಟ್ಟಿಗೆ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಬೇಟೆಯು ಗುಣವೋ ದೋಷವೋ ಎಂಬ ಚರ್ಚೆ ನಮ್ಮಲ್ಲಿ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ರಾಜವ್ಯಸನಗಳನ್ನು ತೂಗಿ ನೋಡುವ ಭಾಗವೊಂದಿದೆ. ಜೂಜಿಗಿಂತ ಬೇಟೆಯೇ ಕೇಡು, ಏಕೆಂದರೆ ಅದರಲ್ಲಿ ಕಳ್ಳರ, ಶತ್ರುಗಳ, ಆನೆಗಳ, ಕಾಳ್ಗಿಚ್ಚಿನ ಭಯವೂ ದಿಕ್ಕು ತಪ್ಪುವ, ಹಸಿವು ನೀರಡಿಕೆಗಳಿಂದ ಬಳಲುವ ಕಷ್ಟವೂ ಉಂಟು ಎಂಬುದು ಪಿಶುನನ ಮತ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಬೇಟೆಯಿಂದ ಮೈಗೆ ವ್ಯಾಯಾಮ ದೊರೆಯುತ್ತದೆ, ಕಫ ಪಿತ್ತ ಮೇದಸ್ಸುಗಳು ಕರಗುತ್ತವೆ, ನಿಂತ ಗುರಿಯನ್ನೂ ಓಡುವ ಗುರಿಯನ್ನೂ ಹೊಡೆಯುವ ಅಭ್ಯಾಸವಾಗುತ್ತದೆ, ಮೃಗಗಳ ಚಿತ್ತವೃತ್ತಿಯ ಅರಿವು ಉಂಟಾಗುತ್ತದೆ ಎಂಬುದು ಅವನ ವಾದ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ವಾದಿಸುವ ಇಬ್ಬರೂ ಬೇಟೆಗಾರನ ಹಿತಾಹಿತವನ್ನೇ ಎಣಿಸುತ್ತಾರೆ. ಸಾಯುವ ಮೃಗದ ಮಾತು ಇಬ್ಬರಲ್ಲಿಯೂ ಇಲ್ಲ. ಆ ಮಾತು ರಾಜಾಜ್ಞೆಯ ರೂಪದಲ್ಲಿ ಬರುವುದು ಅಶೋಕನ ಶಾಸನಗಳಲ್ಲಿ. ಹಿಂದಿನ ಅರಸರ ಬೇಟೆಯ ವಿಹಾರಯಾತ್ರೆಗೆ ಬದಲಾಗಿ ತಾನು ಧರ್ಮಯಾತ್ರೆಯನ್ನು ಕೈಕೊಂಡುದಾಗಿ ಅವನು ಎಂಟನೆಯ ಶಿಲಾಶಾಸನದಲ್ಲಿ ಹೇಳಿಕೊಂಡಿದ್ದಾನೆ. ಐದನೆಯ ಸ್ತಂಭಶಾಸನವಂತೂ ಇನ್ನೂ ಸೂಕ್ಷ್ಮವಾದುದು. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಡನೆ, ಗಬ್ಬವಾದ ಇಲ್ಲವೇ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಕೂಡದು, ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಕೂಡದು, ಮಾರಕೂಡದು ಎಂಬ ವಿಧಿಗಳು ಅದರಲ್ಲಿವೆ. ಇಪ್ಪತ್ತನೆಯ ಶತಮಾನದ ಬೇಟೆಗಾರನು ತನ್ನ ಕಾಲದ ಹೊಸ ನಾಗರಿಕತೆಯ ಗುರುತೆಂದು ಹೇಳಿಕೊಂಡ ನಿಷೇಧಗಳು ತಕ್ಕಮಟ್ಟಿಗೆ ಇವೇ.

ಕನ್ನಡ ನಾಡಿಗೆ ಬಂದರೆ, ಈ ವಿಷಯದಲ್ಲಿ ಆತಕೂರಿನ ಶಾಸನದಷ್ಟು ಮನಸ್ಸನ್ನು ಹಿಡಿದು ನಿಲ್ಲಿಸುವ ಆಧಾರ ಬೇರೊಂದಿಲ್ಲ. ಶಕ 872ನೆಯ ವರ್ಷದ, ಎಂದರೆ ಕ್ರಿ.ಶ. 949-50ರ, ಈ ಕಲ್ಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಗಾಗಿಯೇ ವಿದ್ವಾಂಸರು ಇದನ್ನು ಹೆಚ್ಚಾಗಿ ಉದಾಹರಿಸುತ್ತಾರೆ. ಆದರೆ ಕಲ್ಲನ್ನು ನೆಟ್ಟದ್ದು ಅರಸರಿಗಾಗಿ ಅಲ್ಲ, ಕಾಳಿ ಎಂಬ ಬೇಟೆನಾಯಿಗಾಗಿ. ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನು ಮೆಚ್ಚುಗೆಯಾಗಿ ಬೇಡಿದ್ದು ಈ ನಾಯಿಯನ್ನು. ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನೆಡಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಹಂದಿಯೊಡನೆ ಹೋರಾಡುವ ನಾಯಿಯ ಶಿಲ್ಪ ಕಲ್ಲಿನ ಮೇಲೆ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

ಈ ಶಾಸನದ ಕೊನೆಯ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದದೆ ಬಿಡುತ್ತಾರೆ. ಆ ಸ್ಥಾನವನ್ನು ಆಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯು ಮಾಡಿದ ಪಾಪ ಅವನಿಗೆ ತಟ್ಟುವುದೆಂಬುದು ಅಲ್ಲಿನ ಅಭಿಪ್ರಾಯ. ಶಾಪಾಶಯವೆಂದು ಇದನ್ನು ಬದಿಗಿಡುವುದು ಸುಲಭ. ಆದರೆ ಇಲ್ಲಿ ಬಳಕೆಯಾಗಿರುವ ಪದ ಪಾಪ. ನಾಯಿಯನ್ನು ವೀರನಂತೆ ಪೂಜಿಸುವ ಶಾಸನವೇ ಅದರ ಲೆಕ್ಕದಲ್ಲಿ ಪಾಪವೊಂದು ಉಳಿದಿದೆ ಎಂದೂ ಒಪ್ಪಿಕೊಳ್ಳುತ್ತದೆ. ಬೇಟೆಯನ್ನು ಹೊಗಳುವವನ ಮನಸ್ಸಿನಲ್ಲಿಯೇ ಅದರ ಬಗೆಗಿನ ಅಳುಕು ಹತ್ತನೆಯ ಶತಮಾನದಲ್ಲಿ ಇತ್ತು ಎಂದು ನಾವು ಇದರಿಂದ ಊಹಿಸುತ್ತೇವೆ. ಜೈನಮತವು ಪ್ರಬಲವಾಗಿದ್ದ ಗಂಗರ ನಾಡಿನಲ್ಲಿ ಇದು ಅಚ್ಚರಿಯಲ್ಲ.

ಮುಂದೆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಈ ಸಂಸ್ಕೃತ ಗ್ರಂಥದ ವಿನೋದವಿಂಶತಿಯಲ್ಲಿ ನಾಯಿಗಳ ವಿನೋದ, ಮತ್ಸ್ಯವಿನೋದ, ಮೃಗಯಾವಿನೋದ ಇವಕ್ಕೆ ಬೇರೆ ಬೇರೆ ಅಧ್ಯಾಯಗಳಿವೆ. ಮೃಗಯಾಧ್ಯಾಯದಲ್ಲಿ ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಉಪಾಯದ ವಿವರವಿದೆ. ಮತ್ಸ್ಯಾಧ್ಯಾಯ ಇನ್ನೂ ಕುತೂಹಲಕರವಾದುದು. ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಎರೆ ತಕ್ಕದ್ದು, ಗಾಳದ ಕೋಲೂ ದಾರವೂ ಹೇಗಿರಬೇಕು ಎಂಬುದನ್ನೆಲ್ಲ ಅರಸನು ತಾನೇ ದಡದಲ್ಲಿ ಕುಳಿತು ಕಂಡವನಂತೆ ಹೇಳುತ್ತಾನೆ. ಪ್ರಾಣಿಶಾಸ್ತ್ರಜ್ಞರಾದ ಸುಂದರ್‌ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಪ್ರಕಟಿಸಿ ವಿಜ್ಞಾನಿಗಳ ಗಮನವನ್ನು ಇದರ ಕಡೆಗೆ ಸೆಳೆದರು. ಕೊಳಕ್ಕೆ ಮೊದಲು ಆಹಾರವನ್ನು ಚೆಲ್ಲಿ, ಮೀನಿಗೆ ಅಭ್ಯಾಸ ಮಾಡಿಸಿ, ಆಮೇಲೆ ಗಾಳ ಹಾಕುವ ಕ್ರಮವನ್ನು ಕಾವೇರಿಯ ದಂಡೆಯ ಹವ್ಯಾಸಿಗಳು ರಾಗಿ ಹಿಟ್ಟಿನ ಉಂಡೆಗಳಿಂದ ನಮ್ಮ ಕಾಲದವರೆಗೂ ನಡೆಸಿಕೊಂಡು ಬಂದಿದ್ದರು. ಅವರಲ್ಲಿ ಯಾರೂ ಸೋಮೇಶ್ವರನನ್ನು ಓದಿರಲಾರರು.

ಇದಕ್ಕೆ ವಿರುದ್ಧವಾದ ದನಿ 1209ರಲ್ಲಿ ಜನ್ನನು ಮುಗಿಸಿದ ಯಶೋಧರಚರಿತೆಯದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬೇಟೆಗೂ ಬಾಣಸಕ್ಕೂ ಗುರಿಯಾಗುವ ಕಥೆ ಅದು. ಒಂದು ಜನ್ಮದಲ್ಲಿ ಮೀನೂ ಆಗುತ್ತಾರೆ. ಮೃಗಗಳನ್ನು ಎಷ್ಟು ಕೊಂದೆ, ಯಾವ ಋತುವಿನಲ್ಲಿ ಕೊಂದೆ ಎಂಬ ಲೆಕ್ಕ ಜನ್ನನಿಗೆ ಬೇಕಿಲ್ಲ. ಕೊಲ್ಲುವ ಬಯಕೆಯೊಂದೇ ಅವನ ಪ್ರಶ್ನೆ. ಹವ್ಯಾಸಿಯ ಕಟ್ಟಳೆಗಳೆಲ್ಲ ಲೆಕ್ಕದ ಕಟ್ಟಳೆಗಳು. ಆದುದರಿಂದ ಅವು ಜನ್ನನ ಪ್ರಶ್ನೆಗೆ ಎಂದೂ ಉತ್ತರ ಕೊಟ್ಟಿಲ್ಲ, ಕೊಡಲಾರವು. ಅದರಿಂದಲೇ ಅವು ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಮಾತ್ರ ಚರಿತ್ರಕಾರನಿಗೆ ತಕ್ಕುದಲ್ಲ.

ಇನ್ನು ಹಳ್ಳಿಯ ಬೇಟೆಗಾರನ ನಿತ್ಯದ ಬದುಕನ್ನು ನೋಡೋಣ. ಮಲೆನಾಡಿನ ಹಳುಬೇಟೆಗೆ ಕುವೆಂಪು ಅವರ ಕಾನೂರು ಹೆಗ್ಗಡಿತಿ (1936), ಮಲೆನಾಡಿನ ಚಿತ್ರಗಳು (1933) ಇವು ಸಾಹಿತ್ಯಗ್ರಂಥಗಳಾದರೂ ಚರಿತ್ರೆಯ ಆಧಾರಗಳೂ ಹೌದು. ಹಂದಿಯು ಗದ್ದೆಗೋ ತೋಟಕ್ಕೋ ಇಳಿದ ಸುದ್ದಿ ಬಂದೊಡನೆ ಹೆಜ್ಜೆ ನೋಡಿ ಬರಲು ಒಬ್ಬನು ಹೋಗುತ್ತಾನೆ. ಅವನು ಹಿಂದಿರುಗಿ ಇಂಥ ಹಳುವಿನಲ್ಲಿ ಮಲಗಿದೆ ಎಂದ ಮೇಲೆ ಕೋವಿಯವರು ಗಾಳಿಯ ದಿಕ್ಕನ್ನು ನೋಡಿಕೊಂಡು ತಮಗೆ ಗೊತ್ತು ಮಾಡಿದ ಬಿಲ್ಲುಗಳಲ್ಲಿ ನಿಲ್ಲುತ್ತಾರೆ. ಬಿಲ್ಲು ಎಂದರೆ ಇಲ್ಲಿ ಆಯುಧವಲ್ಲ, ಈಡುಗಾರನು ಕಾದು ನಿಲ್ಲುವ ಸ್ಥಳ. ಕೋವಿ ಬಂದು ಬಿಲ್ಲು ಹೋದ ಮೇಲೂ ಪದ ಉಳಿದುಕೊಂಡಿರುವುದು ಭಾಷಾಚರಿತ್ರೆಯ ಅಭ್ಯಾಸಿಗಳಿಗೆ ಹಿತವಾದ ಸಂಗತಿ. ಸೋವಿನವರು ನಾಯಿಗಳೊಡನೆ ಎದುರು ದಿಕ್ಕಿನಿಂದ ಹಳುವಿಗೆ ನುಗ್ಗಿ ಕೂಗು ಹಾಕುತ್ತಾರೆ. ತನ್ನ ಬಿಲ್ಲನ್ನು ಬಿಟ್ಟು ಕದಲಬಾರದು, ಪ್ರಾಣಿಯನ್ನು ಕಣ್ಣಾರೆ ಕಾಣದೆ ಬರಿಯ ಸದ್ದಿಗೆ ಈಡು ಹೊಡೆಯಬಾರದು, ಪಕ್ಕದ ಬಿಲ್ಲಿನವನ ಕಡೆಗೆ ಕೋವಿ ತಿರುಗಿಸಬಾರದು. ಇವು ಮೊದಲ ಕಟ್ಟಳೆಗಳು; ಮೃಗದಯೆಗಿಂತ ಮನುಷ್ಯರ ಪ್ರಾಣರಕ್ಷಣೆಯೇ ಇವುಗಳ ಮೂಲವೆಂಬುದು ಸ್ಪಷ್ಟ. ಸೋವಿನಲ್ಲಿ ಗುಂಡು ತಾಕಿ ಸತ್ತವರ ಕಥೆ ಮಲೆನಾಡಿನ ಹಲವು ಮನೆತನಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಎರಡನೆಯ ಬಗೆಯ ಕಟ್ಟಳೆಗಳು ಪಾಲಿಗೆ ಸಂಬಂಧಿಸಿದುವು. ಈಡು ತಾಕಿಸಿದವನಿಗೆ ವಿಶೇಷ ಪಾಲು ಸಲ್ಲುತ್ತಿತ್ತು; ಉಳಿದ ಮಾಂಸವನ್ನು ಬಂದವರೆಲ್ಲರಿಗೆ ಹಂಚುತ್ತಿದ್ದರು; ನಾಯಿಗೂ ಪಾಲು ಇತ್ತು. ಇಬ್ಬರ ಈಡು ಒಂದೇ ಪ್ರಾಣಿಗೆ ತಾಕಿದಾಗ ಹುಟ್ಟುವ ವ್ಯಾಜ್ಯಗಳು ಸಣ್ಣವಲ್ಲ. ಅದನ್ನು ಬಗೆಹರಿಸಲು ಹಿರಿಯರು ಗಾಯವನ್ನೂ ರಕ್ತದ ಜಾಡನ್ನೂ ಪರೀಕ್ಷಿಸುತ್ತಿದ್ದರು. ಈ ಪಾಲಿನ ನ್ಯಾಯವು ಬೇಟೆಯನ್ನು ಒಬ್ಬನ ಸ್ವತ್ತಾಗಗೊಡದೆ ಊರಿನ ಸ್ವತ್ತಾಗಿಸಿತು. ಮಾರಾಟಕ್ಕಾಗಿ ಬೇಟೆಯಾಡುವವನನ್ನು ಹಳ್ಳಿಯು ಕೀಳಾಗಿ ಕಂಡುದಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ. ಕೆದಂಬಾಡಿ ಜತ್ತಪ್ಪ ರೈಯವರ ಬೇಟೆಯ ನೆನಪುಗಳನ್ನು ಓದಿದವರಿಗೆ ತುಳುನಾಡಿನ ಬೇಟೆಯೂ ಜೊತೆಗಾರರ ಕೂಟವಾಗಿಯೇ ನಡೆಯುತ್ತಿದ್ದುದು ಗೊತ್ತಿರುತ್ತದೆ.

ಕೊಡಗಿನಲ್ಲಿ ಇದಕ್ಕೆ ಹಬ್ಬದ ಚೌಕಟ್ಟೂ ಇತ್ತು. ಕಕ್ಕಡ ಮಾಸದ ಮಳೆಯಲ್ಲಿ ನಾಟಿಯ ಕೆಲಸ ನಡೆಯುವಾಗ ಆಯುಧಗಳನ್ನು ಒಳಗಿಟ್ಟು, ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಅವುಗಳಿಗೆ ತೋಕ್ ಪೂವನ್ನಿಟ್ಟು ಪೂಜಿಸಿ ಹೊರತೆಗೆಯುತ್ತಿದ್ದರು. ಬೇಟೆಗೆ ಹೊರಡುತ್ತಿದ್ದುದು ಆ ಬಳಿಕ. ಮಳೆಗಾಲದಲ್ಲಿ ಕಾಡಿಗೆ ಬಿಡುವು ಕೊಡಬೇಕೆಂಬ ಉದ್ದೇಶ ಇಲ್ಲಿತ್ತೆಂದು ಇತ್ತೀಚೆಗೆ ಕೆಲವರು ಬರೆಯುತ್ತಿದ್ದಾರೆ. ನಮಗೆ ಅದು ಅತಿಯಾಗಿ ತೋರುತ್ತದೆ. ಗದ್ದೆಯ ಕೆಲಸಕ್ಕೆ ಕೈಗಳು ಬೇಕಾಗಿದ್ದುವು, ಅಷ್ಟೆ. ಆದರೆ ಉದ್ದೇಶ ಯಾವುದಾದರೂ ಫಲ ಒಂದೇ ಆಯಿತೆಂಬುದನ್ನು ಅಲ್ಲಗಳೆಯಲಾಗದು. ಹುಲಿಯನ್ನು ಕೊಂದವನಿಗೆ ಅದರೊಡನೆ ಮದುವೆಯ ರೀತಿಯಲ್ಲಿ ಮಾಡುತ್ತಿದ್ದ ನರಿಮಂಗಲವೂ ಇಲ್ಲಿನ ವಿಶೇಷ. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ ಎಂಬುದನ್ನು ಅರಿಯದ ಬಯಲುಸೀಮೆಯವರು ಈ ಹೆಸರನ್ನು ಕೇಳಿ ನಗುವುದುಂಟು.

ಮೀನಿನ ವಿಷಯದಲ್ಲಿ ಹಳ್ಳಿಯ ಕಟ್ಟಳೆಗಳು ಇಷ್ಟು ಬಿಗಿಯಾಗಿರಲಿಲ್ಲ. ಮುಂಗಾರಿನ ಮೊದಲ ಹೊನಲಿಗೆ ಮೊಟ್ಟೆಯಿಡಲು ಹಳ್ಳಗಳನ್ನೇರಿ ಗದ್ದೆಗಳವರೆಗೆ ಬರುವ ಹತ್ತುಮೀನನ್ನು ರಾತ್ರಿ ದೀಪ ಹಿಡಿದು ಕತ್ತಿಯಿಂದ ಕಡಿಯುವುದೂ ಕೂಣಿಯೊಡ್ಡಿ ಹಿಡಿಯುವುದೂ ಮಲೆನಾಡಿನ ಮಕ್ಕಳಾದಿಯಾಗಿ ಎಲ್ಲರ ಉತ್ಸವ. ಮೊಟ್ಟೆ ತುಂಬಿದ ಮೀನನ್ನೇ ಅಲ್ಲಿ ಕೊಲ್ಲುವುದು. ಬೇಸಗೆಯಲ್ಲಿ ಗುಂಡಿಗಳಿಗೆ ನಂಜಿನ ಕಾಯಿಗಳನ್ನು ಅರೆದು ಹಾಕಿ ಮರಿ ಸಹಿತ ಹಿಡಿಯುವ ಪದ್ಧತಿಯೂ ಇತ್ತು. ಇದಕ್ಕೆ ಎದುರಾಗಿ ನಿಂತದ್ದು ದೇವಾಲಯಗಳ ಮೀನುಮಡುಗಳು. ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ಶಿಶಿಲದ ಕಪಿಲೆ ಇವುಗಳ ಮಡುಗಳಲ್ಲಿ ಮೀನಿಗೆ ಅಕ್ಕಿ ಪುರಿ ಹಾಕುವವರುಂಟೇ ಹೊರತು ಗಾಳ ಹಾಕುವವರಿಲ್ಲ. ಒಂದೇ ಹೊಳೆಯ ಒಂದು ಮಡು ದೇವರದು, ಮುಂದಿನದು ಊರವರದು; ಈ ವಿಭಾಗವನ್ನು ಯಾವ ಅಧಿಕಾರಿಯೂ ಕಾಯುತ್ತಿರಲಿಲ್ಲ. 1996ರಲ್ಲಿ ಯಾರೋ ದುಷ್ಕರ್ಮಿಗಳು ಶಿಶಿಲದ ಮಡುವಿಗೆ ವಿಷ ಹಾಕಿ ಮೀನುಗಳನ್ನು ಕೊಂದಾಗ ಊರವರು ಅವುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಿದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಅಧಿಕಾರಿಗಳ ಮತ್ತು ತೋಟಗಾರರ ಮೂಲಕ ಇನ್ನೊಂದು ಕಟ್ಟಳೆ ಬಂದಿತು. ಹೆಣ್ಣು ಪ್ರಾಣಿಯನ್ನು ಹೊಡೆಯಬಾರದು. ಕುಳಿತ ಹಕ್ಕಿಯನ್ನು ಹೊಡೆಯದೆ ಹಾರಿದ ಮೇಲೆ ಹೊಡೆಯಬೇಕು. ಗಾಯಗೊಂಡ ಮೃಗವನ್ನು, ಅದು ಹುಲಿಯೇ ಆಗಲಿ, ಬೆನ್ನಟ್ಟಿ ಮುಗಿಸದೆ ಬಿಡಬಾರದು. ಬಲೆ, ಉರುಲು, ನಂಜು ಇವು ಹೇಯ. ಈ ನಿಯಮಗಳಲ್ಲಿ ಕೆಲವು ನಿಜವಾಗಿಯೂ ಮೆಚ್ಚತಕ್ಕವು. ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸುವ ಹೊಣೆಯನ್ನು ಪಾಲಿಸಲು ಹೋಗಿ ಪ್ರಾಣವನ್ನೇ ತೆತ್ತವರಿದ್ದರು. ಆದರೆ ಒಟ್ಟಿನ ಮೇಲೆ ಈ ಕಟ್ಟಳೆ ಪ್ರಾಣಿಗಳ ನಡುವೆ ಭೇದ ಮಾಡಿದುದಕ್ಕಿಂತ ಹೆಚ್ಚಾಗಿ ಬೇಟೆಗಾರರ ನಡುವೆ ಭೇದ ಮಾಡಿತು. ಉರುಲನ್ನೊಡ್ಡಿ ಮೊಲ ಹಿಡಿದ ಕಾಡುಕುರುಬನು ಕಳ್ಳಬೇಟೆಗಾರನಾದನು. ಅವನನ್ನೇ ಜಾಡು ಹಿಡಿಯಲು ಮುಂದಿಟ್ಟುಕೊಂಡು ಕಾಟಿಯನ್ನು ಹೊಡೆದ ದೊರೆಯು ಷಿಕಾರಿಯಾದನು. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ನನು 1874ರಲ್ಲಿ ಚಾಮರಾಜನಗರದ ಬಳಿ ನಡೆಸಿದ ಖೆಡ್ಡಾ, ಕಡೆಗೆ 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಗೊಂಡ ಪರಂಪರೆಯ ಮೊದಲು. ಕಂದಕ, ಬೇಲಿ, ಸೋವು ಇವುಗಳಿಂದ ಆನೆಯ ಹಿಂಡನ್ನೇ ಕೂಡಿಹಾಕುವ ಈ ಏರ್ಪಾಡು ಬಲೆಯಲ್ಲದೆ ಮತ್ತೇನು? ಬಲೆಯು ಚಿಕ್ಕದಾದಾಗ ಮಾತ್ರ ಹೇಯವೆನಿಸಿತೆಂದು ತೋರುತ್ತದೆ.

ಕಾನೂನು ಇದೇ ದಾರಿಯಲ್ಲಿ ನಡೆಯಿತು. 1879ರಲ್ಲಿ ಆನೆಗಳ ರಕ್ಷಣೆಯ ಕಾಯಿದೆ, 1897ರಲ್ಲಿ ಸಿಡಿಮದ್ದು ಮತ್ತು ವಿಷಗಳಿಂದ ಮೀನು ಹಿಡಿಯುವುದನ್ನು ನಿಷೇಧಿಸಿದ ಕಾಯಿದೆ, ಮೈಸೂರಿನಲ್ಲಿ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನಿನ ರಕ್ಷಣೆಯ ರೆಗ್ಯುಲೇಷನ್ ಬಂದುವು. ಕಡೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರಲ್ಲಿ ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯಲು ಅವಕಾಶವಿತ್ತು. 1991ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಹವ್ಯಾಸವಾಗಿ ಬೇಟೆ ಇಂದು ನಮ್ಮ ದೇಶದಲ್ಲಿ ಕಾನೂನಿನ ಮಟ್ಟಿಗೆ ಇಲ್ಲ. ಶಸ್ತ್ರಪರವಾನಗಿಯ ವಿನಾಯಿತಿಯುಳ್ಳ ಕೊಡವರು ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ.

ಗಾಳದ ಹವ್ಯಾಸ ಮಾತ್ರ ಬೇರೊಂದು ಹಾದಿ ಹಿಡಿಯಿತು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲ್ಲಿವನ್ ಥಾಮಸನು 1873ರಲ್ಲಿ ಭಾರತದ ಗಾಳಗಾರಿಕೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ನಮ್ಮ ಹೊಳೆಗಳ ಮಹಶೀರ್ ಮೀನು ಹೋರಾಟದಲ್ಲಿ ತನ್ನ ನಾಡಿನ ಸಾಲ್ಮನ್ನಿಗೆ ಮಿಗಿಲೆಂದು ಸಾರಿದನು. 1946ರಲ್ಲಿ, ಮೈಸೂರಿನಲ್ಲಿ ಮೃಗಚರ್ಮಗಳಿಗೆ ಜೀವಕಳೆ ತುಂಬಿ ಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಜಲಾನಯನದಲ್ಲಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋಗ್ರಾಂ, ತೂಗಿತು. ಮುಂದೆ ಭೀಮೇಶ್ವರಿ, ಗಾಳಿಬೋರೆ ಮೊದಲಾದ ಶಿಬಿರಗಳಲ್ಲಿ, ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ಹೊಳೆಗೆ ಬಿಡುವ ನಿಯಮ ಬಂದಿತು. ಗಾಳಕ್ಕೆ ಸಿಕ್ಕು ದಣಿದ ಮೀನಿನ ನೋವನ್ನು ಈ ನಿಯಮ ನೀಗುವುದಿಲ್ಲವೆಂಬ ಆಕ್ಷೇಪಕ್ಕೆ ಹವ್ಯಾಸಿಗಳು ಸಮರ್ಪಕವಾದ ಉತ್ತರ ಕೊಟ್ಟಿದ್ದಾರೆಂದು ನಮಗೆ ತೋರುವುದಿಲ್ಲ. ಇಲ್ಲಿಯೂ ಜನ್ನನ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಹಾಗಿದ್ದರೂ ಈ ಹವ್ಯಾಸಿಗಳು ಬರೆದಿಟ್ಟ ದಾಖಲೆಗಳು ಅನಿರೀಕ್ಷಿತವಾದ ಉಪಯೋಗಕ್ಕೆ ಬಂದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಮಿಕ್ಕ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ, ಕಾವೇರಿಗೇ ಸೇರಿದ ಡುಬ್ಬದ ಮಹಶೀರ್ ಅಳಿಯುತ್ತ ಬಂದಿರುವುದು ಆ ಲೆಕ್ಕದಿಂದ ಬೆಳಕಿಗೆ ಬಂದಿತು. ವಿಚಿತ್ರವೆಂದರೆ ಈ ಡುಬ್ಬದ ಮೀನಿಗೆ ಟೋರ್ ರೇಮದೇವಿ ಎಂಬ ಶಾಸ್ತ್ರೀಯ ನಾಮವು ಖಚಿತವಾದದ್ದು 2018ರಲ್ಲಿ; ಅಳಿವಿನ ತೀವ್ರ ಭೀತಿಯಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ನೂರೈವತ್ತು ವರ್ಷಗಳ ಕಾಲ ಹವ್ಯಾಸಿಗಳು ಹಿಡಿದು, ತೂಗಿ, ಹೊಗಳಿದ ಮೀನಿಗೆ ಹೆಸರೇ ಗೊತ್ತಾಗಿರಲಿಲ್ಲ. ವನ್ಯಧಾಮದೊಳಗಿನ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತ ಮೇಲೆ ಅಂಥ ಲೆಕ್ಕವೂ ಅಲ್ಲಿ ನಿಂತಿತು.

ಇದರಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ಕೆಲಸ ಒದಗುತ್ತದೆ. ಮಲೆನಾಡು ಕೊಡಗುಗಳ ಹಳೆಯ ಮನೆಗಳಲ್ಲಿಯೂ ಕಾಫಿ ತೋಟಗಳ ಬಂಗಲೆಗಳಲ್ಲಿಯೂ ಬೇಟೆಯ ದಿನಚರಿ, ತೋಟಾ ಕೊಂಡ ಲೆಕ್ಕ, ಪರವಾನಗಿಯ ಕಾಗದ, ಗೋಡೆಯ ಕೊಂಬುಗಳ ಕೆಳಗಿನ ತಗಡಿನ ಬರಹ ಇವು ದೊರೆಯುವ ಸಂಭವವಿದೆ. ಮನೆಯವರು ಕಾನೂನಿನ ಅಂಜಿಕೆಯಿಂದ ಇವನ್ನು ತೋರಿಸಲು ಹಿಂಜರಿಯುವುದು ಸಹಜ, ಒತ್ತಾಯ ಸಲ್ಲದು. ದೊರೆತಲ್ಲಿ ದಿನಾಂಕ, ಸ್ಥಳ, ಪ್ರಾಣಿ, ತೂಕ ಇವನ್ನು ನಕಲು ಮಾಡಿಕೊಳ್ಳುವುದರ ಜೊತೆಗೆ, ಅಂದಿನ ಸೋವಿಗೆ ಬಂದವರ ಹೆಸರುಗಳನ್ನು ಬರೆದಿದ್ದಾರೆಯೇ, ಇಲ್ಲವೇ ಆಳುಗಳು ಇಷ್ಟು ಎಂದು ಸಂಖ್ಯೆಯನ್ನು ಮಾತ್ರ ಹಾಕಿದ್ದಾರೆಯೇ ಎಂಬುದನ್ನೂ ಗುರುತು ಮಾಡಿಕೊಳ್ಳತಕ್ಕದ್ದು.